ಮಾಮನ ಭವಿಷ್ಯವಾಣಿ ಮತ್ತು ಅವ್ವನ ಕಂಪ್ಯೂಟರು

ನಮ್ಮ ಮಾಮನಿಗೆ ಈ ಜಗತ್ತಿನಲ್ಲಿ ಇರುವುದು ಒಬ್ಬನೇ ಶತ್ರು. ದುರದೃಷ್ಟವೆಂದರೆ, ಶತ್ರುವಿಗೆ ಇನ್ನೂ ಈ ವಿಷಯ ಗೊತ್ತಿಲ್ಲ!

ಶತ್ರು ಎಂದರೆ ನೆರೆಮನೆಯವರಲ್ಲ, ಸೊಸೈಟಿಯ ಸೆಕ್ರೆಟರಿಯೂ ಅಲ್ಲ. (ಮುಂಬಯಿಯ ಬಿಲ್ಡಿಂಗುಗಳಲ್ಲಿ ಸಾಮಾನ್ಯವಾಗಿ ಆ ಸ್ಥಾನ ಸೆಕ್ರೆಟರಿಯವರಿಗೇ ಮೀಸಲು.) ಮಾಮನ ಶತ್ರು ವಿಂಡೋಸ್. ಹೌದು, ನಿಮ್ಮ ಆಫೀಸಿನ ಮೇಜಿನ ಮೇಲೆ, ಬ್ಯಾಂಕಿನ ಕೌಂಟರಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರುಗಳನ್ನು ನಡೆಸುತ್ತಿರುವ ಅದೇ ವಿಂಡೋಸ್. ಅದರ ಕಾಲ ಮುಗಿಯಿತೆಂದು ಮಾಮ ನಾನು ಶಾಲೆಯಲ್ಲಿದ್ದಾಗಿನಿಂದ ಹೇಳುತ್ತ ಬಂದಿದ್ದಾರೆ. ನಾನು ಶಾಲೆ ಮುಗಿಸಿದೆ, ಎಂ.ಎಸ್ಸಿ. ಮುಗಿಸಿದೆ. ಅದು ಮಾತ್ರ ಮುಗಿಯಲಿಲ್ಲ.

"ಬರೋ ದೀಪಾವಳಿ ನೋಡಂಗಿಲ್ಲ ಅದು, ಬರದಿಟ್ಕೋ," ಎಂದು ಒಮ್ಮೆ ಹೇಳಿದ್ದರು. ದೀಪಾವಳಿ ಬಂತು, ಚಕ್ಕುಲಿ ತಿಂದೆವು. ನಾನು ಮೆಲ್ಲಗೆ ನೆನಪಿಸಿದೆ.

"ಯಾವ ದೀಪಾವಳಿ ಅಂತ ನಾ ಹೇಳಿದ್ನೇನು?" ಎಂದರು.

ಮಾಮ ಎಂದರೆ ಅವ್ವನ ಅಣ್ಣ. ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಗುಮಾಸ್ತಿಕೆಯಿಂದ ನಿವೃತ್ತರಾಗಿ, ಸಯನ್‌ನಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನಲ್ಲೇ ಇದ್ದಾರೆ. ಕೊರಳಲ್ಲಿ ಸದಾ ಒಂದು ಕರಿದಾರ. ದೂರದಿಂದ ನೋಡಿದವರು ತಾಯಿತ ಎಂದುಕೊಳ್ಳುತ್ತಾರೆ. ಅದು ಪೆನ್‌ಡ್ರೈವ್! ಅದರೊಳಗೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಲು ಪುಕ್ಕಟೆ ಸಿಗುವ ಲಿನಕ್ಸ್. ಯಾರದಾದರೂ ಮನೆಗೆ ಚಹಾಕ್ಕೆ ಹೋದರೆ, ಮನೆಯವರು ಹಾಲು ತರಲು ಕೆಳಗಿಳಿದು ಬರುವಷ್ಟರಲ್ಲಿ ಅವರ ಕಂಪ್ಯೂಟರಿನ ಮತಾಂತರ ಮುಗಿದಿರುತ್ತದೆ.

ನೆಲಮಹಡಿಯ ಮರಾಠಿ ಕಾಕು ಮಧ್ಯಾಹ್ನದ ಊಟದ ಮೇಲೆ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದರು. ಅದೊಂದೇ ಅವರ ವ್ಯಸನ. ಮಾಮ ಒಂದು ಕಪ್ ಚಹಾ ಕುಡಿದು ಬಂದ ಮರುದಿನ ಕಾಕು ತಮ್ಮ ಇಸ್ಪೀಟೆಲೆಗಳನ್ನು ಹುಡುಕಿಕೊಂಡು ನಮ್ಮ ಬಾಗಿಲಲ್ಲಿ. "ಬೇಟಾ, ಮೇರೆ ಪತ್ತೇ ಕಿಧರ್ ಗಯೇ?" ಮಾಮ ಓಡಿಹೋಗಿ ಅವರಿಗೆ ಬೇರೆ ಇಸ್ಪೀಟಿನ ಆಟ ಹಾಕಿಕೊಟ್ಟರು. ಕಾಕು ಕನ್ನಡಕ ಏರಿಸಿ ಪರದೆಯನ್ನು ದಿಟ್ಟಿಸಿ ನೋಡಿ, "ಯೇ ಮೇರಾ ರಾಜಾ ನಹೀಂ ಹೈ!" ಎಂದು ಕಣ್ಣೀರಿಟ್ಟರು. ಅಂದಿನಿಂದ ಮಾಮ ಮೆಟ್ಟಿಲ ಬಳಿ ಕಂಡರೆ ಸಾಕು, ಆ ಮನೆಯ ಸೇಫ್ಟಿ ಡೋರ್ ಮುಚ್ಚುವ ಸದ್ದು ಕೇಳುತ್ತದೆ.

ಒಮ್ಮೆ ನನಗೆ ಚಪ್ಪಲಿ ಕೊಡಿಸುತ್ತೇನೆಂದು ಬಾಂದ್ರಾಕ್ಕೆ ಕರೆದೊಯ್ದರು. ಅಲ್ಲಿ ಯಾವುದೋ ಮಾಲ್‌ನ ಜಾಹೀರಾತಿನ ಪರದೆ, ಒಳಗಿನ ವಿಂಡೋಸ್ ಕೆಟ್ಟು, ಪೂರ್ತಿ ನೀಲಿಯಾಗಿ, ನಡುವೆ ಬಿಳಿ ಅಕ್ಷರಗಳಲ್ಲಿ ಕ್ಷಮೆ ಕೇಳುತ್ತಿತ್ತು. ಮಾಮನ ಮುಖದಲ್ಲಿ ಕಂಡ ಆನಂದವನ್ನು ನಾನು ಅವರ ಮಗನ ಮದುವೆಯಲ್ಲೂ ಕಂಡಿರಲಿಲ್ಲ.

"ಅದರ ಮುಂದ ನಿಂದ್ರು. ಫೋಟೋ ಹೊಡೀತೀನಿ. ನಾಳೆ ನಿನ್ನ ಮಕ್ಕಳಿಗೆ ತೋರ್ಸಾಕ ಆಗ್ತೈತಿ."

"ಮಾಮಾ, ಜನ ನೋಡಾಕತ್ತಾರ್ರಿ."

"ನೋಡ್ಲಿ! ಅವರಿಗೂ ಗೊತ್ತಾಗ್ಲಿ!"

ಜನರ ನಡುವೆ ಒಂದು ಸೀನು ಬಂದರೂ ಕೈ ಅಡ್ಡ ಹಿಡಿದು ಸುತ್ತಮುತ್ತ ನೋಡುವವಳು ನಾನು. ಸೆಕ್ಯುರಿಟಿಯವನು, ಚಪ್ಪಲಿ ಅಂಗಡಿಯ ಹುಡುಗಿಯರು, ಐಸ್‌ಕ್ರೀಮು ಹಿಡಿದ ಒಂದು ಇಡೀ ಸಂಸಾರ ನೋಡುತ್ತಿರುವಂತೆ ಆ ನೀಲಿ ಪರದೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ಫೋಟೋ ಸಂಜೆಗೆ ಕುಟುಂಬದ ಗ್ರೂಪಿನಲ್ಲಿ, ಕೆಳಗೆ ‘ಅಂತ್ಯದ ಲಕ್ಷಣಗಳು’ ಎಂಬ ಶೀರ್ಷಿಕೆ. ಲಕ್ಷಣ ನಾನೋ ಪರದೆಯೋ ಎಂದು ಸೊಲ್ಲಾಪುರದ ಚಿಕ್ಕಮ್ಮ ಕೇಳಿದರು. ಚಪ್ಪಲಿ ಮಾತ್ರ ಕೊಳ್ಳಲೇ ಇಲ್ಲ.

ಕಾಂದಿವಲಿಯಿಂದ ನನ್ನನ್ನು ನೋಡಲು ಒಬ್ಬ ಹುಡುಗ ಬಂದಿದ್ದ. ಹಿರಿಯರ ಸಾಲಿನಲ್ಲಿ ಮಾಮ ಕೂತಿದ್ದರು. ಎಲ್ಲರೂ ಸಂಬಳ, ಗೋತ್ರ, ಫ್ಲ್ಯಾಟು ಎಂದು ಕೇಳಿದರೆ ಮಾಮ ಕೇಳಿದ್ದು ಒಂದೇ: "ಲ್ಯಾಪ್‌ಟಾಪಿನ್ಯಾಗ ಏನ್ ಹಾಕೀರಿ?" ಹುಡುಗ ಪಾಪ ನಿಜ ಹೇಳಿದ. ಮಾಮ ಅವ್ವನ ಕಡೆ ತಿರುಗಿ, ವೈದ್ಯರು ಹೊರಗೆ ಬಂದು ಸಂಬಂಧಿಕರಿಗೆ ಹೇಳುವ ದನಿಯಲ್ಲಿ, "ಹುಡುಗ ಛಲೋ ಅದಾನ. ಆದ್ರ ಮುಂದಾಲೋಚನಿ ಇಲ್ಲ," ಎಂದರು. ಅವಲಕ್ಕಿಯ ಪ್ಲೇಟು ಖಾಲಿಯಾಗುವ ಹೊತ್ತಿಗೆ ಅವರ ಕೈ ಕೊರಳ ದಾರಕ್ಕೆ ಹೋಗಿದ್ದನ್ನೂ, ಹುಡುಗ ತನ್ನ ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದನ್ನೂ ನಾನು ಅಡುಗೆಮನೆಯಿಂದ ನೋಡಿದೆ. ಆ ಸಂಬಂಧ ಮುಂದುವರಿಯಲಿಲ್ಲ. ಈ ಒಂದು ವಿಷಯದಲ್ಲಿ ಮಾಮನಿಗೆ ನನ್ನ ಕೃತಜ್ಞತೆ ಇದೆ. ಅವರಿಗೆ ಹೇಳಿಲ್ಲ, ಅಷ್ಟೆ.

"ಅಷ್ಟು ದೊಡ್ಡದು, ಅದನ್ನ ಯಾರು ಬೀಳಸ್ತಾರ್ರಿ ಮಾಮಾ?" ಎಂದು ಕೇಳಿದರೆ ಅವರಲ್ಲಿ ಉತ್ತರ ಸಿದ್ಧ.

"ಯಾರೂ ಬೀಳಸಂಗಿಲ್ಲ ಬೇ. ಮಂದಿಗೆ ಬ್ಯಾಡಾಗ್ತೈತಿ. ಹುಡುಗೂರು ಎಲ್ಲಾ ಫೋನಿನ್ಯಾಗ ಮಾಡಾಕತ್ತಾರ. ಒಂದಿನಾ ಎಲ್ಲಾರೂ ಎದ್ದು ಹೋಗಿರ್ತಾರ. ಕುರ್ಚಿ ಮ್ಯಾಲೆ ಕುಂತಾಂವಗ ಗೊತ್ತ ಆಗಂಗಿಲ್ಲ."

ಇಷ್ಟರವರೆಗೆ ಎಲ್ಲವೂ ನಗುವ ವಿಷಯವೇ. ನಂತರ ಅವರು ಅವ್ವನ ಕಂಪ್ಯೂಟರಿಗೆ ಕೈ ಹಾಕಿದರು.

ಅಪ್ಪ ತೀರಿಕೊಂಡ ಮೇಲೆ ಅವ್ವ ಮನೆಯಲ್ಲೇ ಕೂತು ಕನ್ನಡ ಲಗ್ನಪತ್ರಿಕೆಗಳನ್ನು ಜೋಡಿಸಿ ಕೊಡುತ್ತಾಳೆ. ಇಲ್ಲಿಯ ಪ್ರೆಸ್ಸುಗಳಲ್ಲಿ ಮರಾಠಿ, ಹಿಂದಿ, ಗುಜರಾತಿ ಸುಲಭವಾಗಿ ಸಿಗುತ್ತದೆ. ‘ಆಗಮನಾಭಿಲಾಷಿಗಳು’ ಎಂದು ತಪ್ಪಿಲ್ಲದೆ ಹೊಡೆಯುವವರು ಸಿಗುವುದಿಲ್ಲ. ಕಟ್ಟಡದ ಕೆಲಸಕ್ಕೆಂದು ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರು ಮದುವೆಯನ್ನು ಊರಲ್ಲೇ ಮಾಡಿದರೂ ಪತ್ರಿಕೆ ಮಾತ್ರ ಅವ್ವನಿಂದಲೇ ಮಾಡಿಸುತ್ತಾರೆ. ಕಾರಣ, ಕೆಳಗಿನ ಹೆಸರುಗಳ ಸಾಲು. ಯಾವ ದೊಡ್ಡಪ್ಪ ಮೊದಲು, ಯಾವ ಕಾಕಾ ನಂತರ, ಯಾರ ಹೆಸರಿಗೆ ‘ಮಾಜಿ ಪಂಚಾಯತಿ ಸದಸ್ಯರು’ ಎಂಬ ಬಾಲ — ಒಂದು ಹೆಸರು ಹಿಂದುಮುಂದಾದರೆ ಮದುವೆಯಲ್ಲಿ ಅರ್ಧ ಬೀಗರು ಊಟಕ್ಕೆ ಕೂರುವುದಿಲ್ಲ!

ಅವ್ವ ಬಳಸುತ್ತಿದ್ದದ್ದು ಹಳೆಯ ಕಾಲದ ಒಂದು ಕನ್ನಡ ತಂತ್ರಾಂಶ. ಅದು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಅದರಲ್ಲಿ ಹೊಡೆದದ್ದು ಒಳಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡ ಫಾಂಟಿನ ಅಂಗಿ ತೊಡಿಸಿ ನಿಲ್ಲಿಸಿದ್ದು. ಅಂಗಿ ಇರುವವರೆಗೆ ಎಲ್ಲ ಸರಿ.

ಒಂದು ದಿನ ಆ ಕಂಪ್ಯೂಟರು ತಾನೇ ಒಂದು ಸೂಚನೆ ತೋರಿಸಿತು: ನಿಮ್ಮ ಯಂತ್ರ ಹಳೆಯದು, ಇನ್ನು ಮುಂದೆ ಇದಕ್ಕೆ ಅಪ್‌ಡೇಟ್ ಸಿಗುವುದಿಲ್ಲ. ಅವ್ವ ಅದನ್ನು ಮುಗ್ಧವಾಗಿ ಅಣ್ಣನಿಗೆ ಓದಿ ಹೇಳಿದಳು. ಇಷ್ಟು ವರ್ಷಗಳ ನಂತರ ಶತ್ರುವೇ ಮನೆಗೆ ಕಾಗದ ಬರೆದಂತಾಯಿತು! ರವಿವಾರ ನಾನು ಗೆಳತಿಯ ಮನೆಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಮಾಮ ಗೆದ್ದ ಮುಖದಲ್ಲಿ ಸೋಫಾದ ಮೇಲೆ. ಅವ್ವ ಪರದೆಯ ಮುಂದೆ. ಅದರಲ್ಲಿ ವಿಂಡೋಸ್ ಹೋಗಿ ಲಿನಕ್ಸ್ ಬಂದು ಕೂತಿತ್ತು.

"ಫೈಲ್ ಒಂದೂ ಹೋಗಿಲ್ಲ. ಎಲ್ಲಾ ತಗದಿಟ್ಟೀನಿ," ಎಂದರು ಮಾಮ.

ಫೈಲು ಹೋಗಿರಲಿಲ್ಲ, ನಿಜ. ಅಂಗಿ ಹೋಗಿತ್ತು. ಬಾಗಲಕೋಟೆಯ ಮೇಸ್ತ್ರಿಯೊಬ್ಬರ ಮಗಳ ಲಗ್ನಪತ್ರಿಕೆ ಪರದೆಯ ಮೇಲಿತ್ತು. ವಧುವಿನ ಹೆಸರಿದ್ದಲ್ಲಿ ಒಂದು ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ, ವರನ ತಂದೆಯ ಜಾಗದಲ್ಲಿ ಜಪಾನಿನ ಹಣದ ಗುರುತು.

"ಅಣ್ಣಾ, ಹುಡುಗಿ ಎಲ್ಲದಾಳ ಇದರಾಗ?" ಅವ್ವ ಕೇಳಿದಳು.

ಮಾಮ ಬಗ್ಗಿ ನೋಡಿದರು. "ಇಲ್ಲೇ ಎಲ್ಲೋ ಇರಬೇಕು."

ಪತ್ರಿಕೆ ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕಿತ್ತು. ಹೋಗದಿದ್ದರೆ ಮೇಸ್ತ್ರಿ ಬೇರೆಯವರನ್ನು ಹುಡುಕುತ್ತಾರೆ. ಅವರ ಹಿಂದೆ ಅವರ ಕೈಕೆಳಗಿನ ಕೆಲಸಗಾರರ ಮನೆಯ ಮದುವೆಗಳೆಲ್ಲ ಹೋಗುತ್ತವೆ. ಅವ್ವನಿಗೆ ತನ್ನದೆಂದು ಇರುವುದು ಈ ಕೆಲಸವೊಂದೇ. ನನ್ನ ಲ್ಯಾಪ್‌ಟಾಪು ಆಫೀಸಿನದು, ಹೊರಗಿನ ತಂತ್ರಾಂಶ ಹಾಕಲು ಬಿಡುವುದಿಲ್ಲ. ರಿಪೇರಿ ಅಂಗಡಿಗೆ ರಜೆ. ನಾನು ದನಿಯೇರಿಸುವವಳಲ್ಲ. ಅಂದು ಏರಿಸಿದೆ.

"ವಿಂಡೋಸ್ ಬೇಕಾದಾಗ ಸಾಯಲಿ ಮಾಮಾ! ಅವ್ವನ ಕಂಪ್ಯೂಟರು ನಿಮಗೇನ್ ಮಾಡಿತ್ರಿ?"

ಮಾಮ ಸೋಫಾದಿಂದ ಎದ್ದರು. "ಮೇಸ್ತ್ರಿಗೆ ಫೋನ್ ಹಚ್ಚು. ಇದರಾಗೂ ಕನ್ನಡ ಐತಿ, ಎಲ್ಲಾ ಮತ್ತ ಹೊಡೀತೀನಿ," ಎಂದು ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮೇಸ್ತ್ರಿಯ ಕಿಸೆಯಲ್ಲಿ ತಿದ್ದುಪಡಿಗೆಂದು ಅವ್ವ ಕೊಟ್ಟಿದ್ದ ಪ್ರತಿಯೊಂದಿತ್ತು. ಅದರ ಫೋಟೋ ಕಳಿಸಿದರು. ಮಡಿಕೆಯಲ್ಲಿ ಸಿಮೆಂಟು ಹತ್ತಿ ಅರ್ಧ ಹೆಸರು ಕಾಣುತ್ತಿರಲಿಲ್ಲ. ಕೊನೆಗೆ ಕಟ್ಟಡದ ಸೈಟಿನಿಂದಲೇ ಫೋನಿನಲ್ಲಿ ಒಂದೊಂದಾಗಿ ಕೂಗಿ ಹೇಳತೊಡಗಿದರು.

"ಮಲ್ಲಪ್ಪ ಕಾಕಾರ ಮುಂದ ‘ನಿವೃತ್ತ’ ಹಾಕಬ್ಯಾಡ್ರಿ, ಸಿಟ್ಟಾಗ್ತಾರ!"

ಮಾಮ ಹೊಡೆಯುತ್ತ ಹೋದರು. ನಾನು ಅವರು ಮಾತಾಡುವುದನ್ನು ಮಾತ್ರ ಕಂಡಿದ್ದೆ, ಟೈಪ್ ಮಾಡುವುದನ್ನು ಕಂಡಿರಲಿಲ್ಲ. ಕೀಲಿಗಳ ಕಡೆ ನೋಡುತ್ತಲೇ ಇರಲಿಲ್ಲ. ಹತ್ತೂ ಬೆರಳುಗಳು ಮಳೆ ಬಿದ್ದಂತೆ ಬೀಳುತ್ತಿದ್ದವು. ಹಾಗೇ, ನನ್ನ ಕಡೆ ತಿರುಗದೆ ಹೇಳಿದರು:

"ನೀ ಹುಟ್ಟೂಕಿಂತ ಮೊದಲು ನಂದು ಇಲ್ಲೇ ಟೈಪಿಂಗ್ ಕ್ಲಾಸ್ ಇತ್ತು. ಟೈಪ್‌ರೈಟರ್ ಹೋಗ್ತೈತಿ ಅಂತ ಊರಿಗೆಲ್ಲಾ ಗೊತ್ತಿತ್ತಂತ. ನನಗ ಯಾರೂ ಹೇಳಲಿಲ್ಲ. ಆ ವರ್ಷನ ಹೊಸಾ ಮಶೀನ್ ತಂದು ಹಾರಾ ಹಾಕಿದೆ. ಮುಂದಿನ ವರ್ಷ ಒಬ್ಬ ಹುಡುಗನೂ ಬರಲಿಲ್ಲ ಕಲಿಯಾಕ. ಬಾಗಲಾ ತಗದು, ಧೂಳಾ ಹೊಡದು, ಸಂಜಿತನಕಾ ಕುಂದರತಿದ್ದೆ... ನಿಮ್ಮವ್ವಗ ಹಂಗ ಆಗಬಾರದು."

ಮಾತಾಡಿದ್ದು ಅವ್ವ.

"ನನಗ ಗೊತ್ತಿತ್ತಣ್ಣಾ."

ಬೆರಳುಗಳು ನಿಂತವು.

"ಆಗ ನಾ ಟೈಪಿಸ್ಟ್ ಇದ್ದ ಆಫೀಸಿನ್ಯಾಗ ಕಂಪ್ಯೂಟರ್ ಬಂದಿದ್ವು. ನೀ ಹಾರಾ ಹಾಕೋಮುಂದ ನಾ ನಿನ್ನ ಮಗ್ಗಲದಾಗ ನಿಂತಿದ್ದೆ. ಅಷ್ಟು ಖುಷೀಲೆ ಇದ್ದಿ. ಹೇಳಾಕ ಬಾಯಿ ಬರಲಿಲ್ಲ."

ಫೋನಿನಲ್ಲಿ ಮೇಸ್ತ್ರಿಯ ದನಿ: "ಹಲೋ? ಕೇಳಸ್ತೇನ್ರಿ?"

ಮಾಮ ಬೆರಳುಗಳನ್ನು ಮತ್ತೆ ಕೀಲಿಗಳ ಮೇಲಿಟ್ಟರು. "ಕೇಳಸ್ತ್ರಿ," ಎಂದರು. "ಮುಂದಿನ ಹೆಸರು ಹೇಳ್ರಿ."

ಕೊನೆಯ ಹೆಸರು ಹೊಡೆದಾದ ಮೇಲೆ ನಾನು, "ಅವ್ವಾ, ನಾಳೆ ಅಂಗಡಿಯವನ ಕರಸಿ ಹಳೇದನ್ನ ಮತ್ತ ಹಾಕಸ್ತೀನಿ," ಎಂದೆ. ಮಾಮ ಕುರ್ಚಿಯಿಂದ ಏಳಲು ಹೊರಟರು.

"ಬ್ಯಾಡ," ಎಂದಳು ಅವ್ವ. ಅಡುಗೆಮನೆಯ ಸ್ಟೂಲನ್ನು ಎಳೆದು ತಂದು ಅಣ್ಣನ ಪಕ್ಕಕ್ಕೆ ಹಾಕಿಕೊಂಡು ಕೂತಳು. "ಇದರಾಗ ‘ಶ್ರೀ’ ಹ್ಯಾಂಗ ಹೊಡೀತಾರ, ತೋರಸು."

ಮಾಮ ಅವಳ ಬೆರಳು ಹಿಡಿದು ಕೀಲಿಯ ಮೇಲಿಟ್ಟರು.