ಬಾಡಿಗೆ ಅಡುಗೆಮನೆಯಲ್ಲಿ ಶರತ್ಕಾಲ

ಇನ್‌ಸ್ಪೆಕ್ಷನ್‌ಗೆ ಬಂದ ಏಜೆಂಟರು ಕೋಣೆಗಳನ್ನು ನೋಡಿ, ಒಂದಷ್ಟು ಫೋಟೊ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ ಹೊರಟುಹೋದರು ಎಂದು ಪರಿಚಿತರು ಹೇಳುವಾಗ ನಾನು ಅಸೂಯೆಯಿಂದ ಕೇಳಿಸಿಕೊಳ್ಳುತ್ತೇನೆ. ನಮ್ಮಲ್ಲಿ ಅಂಥದ್ದು ಒಮ್ಮೆಯೂ ನಡೆದಿಲ್ಲ. ಊರು ಬದಲಾಯಿತು, ಮನೆ ಬದಲಾಯಿತು, ಏಜೆಂಟರೂ ಬದಲಾದರು. ಆದರೆ ಅವರು ಹೊಸ್ತಿಲು ದಾಟುವ ಹೊತ್ತಿಗೆ ಸರಿಯಾಗಿ ನಮ್ಮ ಅಡುಗೆಮನೆಯಲ್ಲಿ ಏನಾದರೊಂದು ಆಗಿಯೇ ತೀರುತ್ತದೆ.

ನನ್ನ ಗಂಡ ವೈದ್ಯರು. ತರಬೇತಿಗೆಂದು ಅವರು ಅಡಿಲೇಡ್‌ನಿಂದ ಬ್ರಿಸ್ಬೇನ್‌ಗೆ, ಅಲ್ಲಿಂದ ಪರ್ತ್‌ಗೆ ಹೋಗಬೇಕಾಯಿತು. ಹಿಂದೆ ನಾನು, ನಮ್ಮ ಹಿಂದೆ ಮಗಳು. ಎಲ್ಲ ಕಡೆಯೂ ಬಾಡಿಗೆ ಮನೆ. ಈ ದೇಶದಲ್ಲಿ ಬಾಡಿಗೆಗೆ ಇರುವವರ ಮನೆಯನ್ನು ಏಜೆಂಟರು ಕೆಲವು ತಿಂಗಳಿಗೊಮ್ಮೆ ಬಂದು ಪರಿಶೀಲಿಸುತ್ತಾರೆ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಅಪ್ಪಣೆ ಬೇಕು. ಹಾಗಾಗಿ ನನ್ನ ಅಲಂಕಾರವೆಲ್ಲ ಮೊಳೆಯ ಹಂಗಿಲ್ಲದ್ದು: ಒಣ ಎಲೆ, ಮರದ ತೊಗಟೆ, ಗೋಣಿಬಟ್ಟೆ, ಗೋಧಿಯ ತೆನೆ. ಅಡುಗೆಮನೆಯನ್ನು ಋತುವಿಗೆ ತಕ್ಕಂತೆ ಸಿಂಗರಿಸುವವರು ಮನೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಏಜೆಂಟರಿಗೆ ಅನ್ನಿಸುತ್ತದೆ ಎಂಬುದು ನನ್ನ ನಂಬಿಕೆ. ಜನರು ಹೇಳುವ ಕಥೆಗಳನ್ನೆಲ್ಲ ಒಳಗೊಳಗೇ ಸಂದೇಹಿಸುವ ನಾನು, ಇದೊಂದನ್ನು ಮಾತ್ರ ಯಾವ ಪುರಾವೆಯೂ ಇಲ್ಲದೆ ಒಪ್ಪಿಕೊಂಡುಬಿಟ್ಟಿದ್ದೇನೆ.

ಅಡಿಲೇಡ್‌ನ ಜೇಡ

ಅಡಿಲೇಡ್‌ನಲ್ಲಿ ನಿಜವಾದ ಶರತ್ಕಾಲವಿದೆ. ಊರಿನ ಪಕ್ಕದ ಗುಡ್ಡಗಳಲ್ಲಿ ಎಲೆಗಳು ಕೆಂಪಾಗಿ, ಹಳದಿಯಾಗಿ ಉದುರುತ್ತವೆ. ಮೊದಲ ವರ್ಷದ ಉತ್ಸಾಹದಲ್ಲಿ ನಾನು ನೀಲಗಿರಿ ಮರದ ಸುರುಳಿ ತೊಗಟೆಗಳನ್ನು ಒಂದು ಬುಟ್ಟಿ ತುಂಬ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟೆ.

ಪಕ್ಕದ ಮನೆಯ ಆಂಟಿ ಮೈಸೂರಿನವರು, ಇಲ್ಲಿಗೆ ಬಂದು ಬಹಳ ವರ್ಷವಾದವರು. ಬುಟ್ಟಿ ನೋಡಿ ತಲೆಯಾಡಿಸಿದರು. "ತೊಗಟೆ ಅಂದ್ರೆ ಜೇಡ ಬರತ್ತಮ್ಮ. ಇರು, ಒಂದು ಉಪಾಯ ಕೊಡ್ತೀನಿ" ಎಂದು, ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ಹೊಳೆಯುವ ಕಂದು ಬೀಜಗಳನ್ನು ಒಂದು ಬಟ್ಟಲು ತಂದುಕೊಟ್ಟರು. "ಇದಿದ್ದ ಕಡೆ ಜೇಡ ಸುಳಿಯಲ್ಲ."

"ಯಾಕೆ ಆಂಟಿ? ವಾಸನೆಗೋ?"

"ಯಾಕೋ ಏನೋ. ಇಲ್ಲಿನವರೆಲ್ಲ ಹೇಳ್ತಾರೆ. ಇಷ್ಟು ಜನ ಹೇಳೋದು ಸುಳ್ಳಾಗತ್ತಾ?"

ಆಗುತ್ತದೆ ಎಂದು ನನಗನ್ನಿಸಿತು. ಆದರೆ ಬೀಜಗಳು ಸುಂದರವಾಗಿದ್ದವು. ಬುಟ್ಟಿಯ ಪಕ್ಕದಲ್ಲಿಟ್ಟೆ.

ಇನ್‌ಸ್ಪೆಕ್ಷನ್ ದಿನ ಏಜೆಂಟ್ ಹುಡುಗಿ ಅಡುಗೆಮನೆಗೆ ಬಂದು, "ವಾವ್, ಎಷ್ಟು ಚೆಂದ ಇಟ್ಟಿದ್ದೀರಿ!" ಎಂದು ಫೋಟೊ ತೆಗೆಯಲು ಬಾಗಿದಳು. ಬಾಗಿದವಳು ಕಿರುಚಿ ಹಿತ್ತಲಿಗೆ ಓಡಿದಳು. ಅಂಗೈಯಗಲದ ಜೇಡವೊಂದು ಬುಟ್ಟಿಯಿಂದ ಇಳಿದು, ಬೀಜದ ಬಟ್ಟಲಿನ ಮೇಲೇರಿ, ಕಾಲು ಚಾಚಿ ಕುಳಿತಿತ್ತು. ಉಳಿದ ಮನೆಯನ್ನು ಆಕೆ ಹೊರಗಿನಿಂದ, ಕಿಟಕಿಗಳ ಮೂಲಕವೇ ಪರಿಶೀಲಿಸಿದಳು.

ಸಂಜೆ ಆಂಟಿಗೆ ಹೇಳಿದೆ. "ಆಂಟಿ, ಜೇಡ ನಿಮ್ಮ ಬೀಜದ ಮೇಲೇ ಕೂತಿತ್ತು."

"ಎಷ್ಟು ಬಂದಿತ್ತು?"

"ಒಂದು."

"ನೋಡಿದ್ಯಾ?" ಎಂದರು ಆಂಟಿ ತೃಪ್ತಿಯಿಂದ. "ಬಾಕಿಯೆಲ್ಲ ಬರಲೇ ಇಲ್ಲ!"

ಅಲಂಕಾರ ಬಲ್ಲ ಹಕ್ಕಿ

ಬ್ರಿಸ್ಬೇನ್‌ನಲ್ಲಿ ಶರತ್ಕಾಲವೆಂಬುದು ಕ್ಯಾಲೆಂಡರಿನಲ್ಲಿ ಮಾತ್ರ ಬರುತ್ತದೆ. ಈ ದೇಶದ ಶರತ್ಕಾಲ ಶುರುವಾಗುವ ಮಾರ್ಚ್ ತಿಂಗಳು ಹಿಡಿದರೂ ಸೆಕೆ, ಬೆವರು, ಹಸಿರು. ಒಣ ಎಲೆ ಹುಡುಕಿಕೊಂಡು ನಾಲ್ಕಾರು ಪಾರ್ಕು ಅಲೆದೆ. ಸಿಕ್ಕವನ್ನು ತೊಳೆದು, ಒರೆಸಿ, ಗಂಡನ ದಪ್ಪ ವೈದ್ಯಕೀಯ ಪುಸ್ತಕಗಳ ನಡುವೆ ಒತ್ತಿಟ್ಟು, ದಾರದಲ್ಲಿ ಪೋಣಿಸಿ, ಊಟದ ಮೇಜಿನ ಮೇಲೆ ಹರಡಿದೆ. ಗಂಡ ಯಾವುದೋ ರೋಗದ ಲಕ್ಷಣ ನೋಡಲು ಪುಸ್ತಕ ತೆರೆದಾಗ ಎಲೆಯೊಂದು ಉದುರಿತು. "ಈ ಅಧ್ಯಾಯಕ್ಕೂ ಶರತ್ಕಾಲ ಬಂತಾ?" ಎಂದು ಕೇಳಿ ಮುಚ್ಚಿಟ್ಟರು.

ಇನ್‌ಸ್ಪೆಕ್ಷನ್ ದಿನ ಬೆಳಿಗ್ಗೆ ಗಾಳಿಯಾಡಲೆಂದು ಹಿಂಬಾಗಿಲು ತೆರೆದಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡುತ್ತೇನೆ: ಅಡುಗೆಮನೆಯಲ್ಲಿ ಕೋಳಿಗಿಂತ ದೊಡ್ಡದಾದ ಕರಿಯ ಹಕ್ಕಿ. ಬೋಳು ಕೆಂಪು ತಲೆ, ಕುತ್ತಿಗೆಗೆ ಹಳದಿ ಮಫ್ಲರ್ ಸುತ್ತಿದಂತೆ ಜೋಲುವ ಚರ್ಮ. ಇಲ್ಲಿನವರು ಬುಷ್ ಟರ್ಕಿ ಎನ್ನುವ ಈ ಹಕ್ಕಿಗೆ ಒಣ ಎಲೆಯನ್ನು ಗುಡ್ಡೆ ಹಾಕುವುದೇ ಜೀವನದ ಕೆಲಸ. ಅದು ನನ್ನ ಎಲೆಯ ಹಾರಗಳನ್ನೆಲ್ಲ ಕಾಲಿನಿಂದ ಹಿಂದಕ್ಕೆ ಕೆರೆಯುತ್ತ, ಬಾಗಿಲಾಚೆ, ಬೇಲಿಯ ಮೂಲೆಗೆ ಸಾಗಿಸುತ್ತಿತ್ತು.

"ಅದನ್ನ ಓಡಿಸು!" ಎಂದು ಮಗಳಿಗೆ ಹೇಳಿದೆ.

ಅವಳು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. "ಮಮ್, ಅದೂ ತನ್ನ ಮನೆ ಅಲಂಕಾರ ಮಾಡ್ತಿದೆ. ನಿನಗಿಂತ ನೀಟಾಗಿ" ಎಂದಳು.

ಗಾಬರಿಯಲ್ಲಿ ಗೆಳತಿಗೆ ಫೋನ್ ಮಾಡಿದೆ. ಅವಳಿಗೆ ಪರಮ ಸಂತೋಷ. "ಲೇ, ಹಕ್ಕಿ ತಾನಾಗೇ ಮನೆಯೊಳಗೆ ಬಂದ್ರೆ ಅದೃಷ್ಟ ಕಣೇ! ಅವತ್ತು ಮನೆಗೆ ಯಾರೋ ದೊಡ್ಡವರು ಬಂದೇ ಬರ್ತಾರೆ!"

ಈ ಮಾತನ್ನೂ ನಾನು ನಂಬಿರಲಿಲ್ಲ. ಅಷ್ಟರಲ್ಲಿ ಕಾಲಿಂಗ್ ಬೆಲ್ ಹೊಡೆಯಿತು. ಏಜೆಂಟ್ ಬಂದಿದ್ದರು. ಜೊತೆಗೆ, ಅಂದು ಮೊದಲ ಬಾರಿಗೆ, ಅವರ ಮ್ಯಾನೇಜರೂ ಬಂದಿದ್ದರು.

ಬೇಕಾಗಿಲ್ಲದ ಸಾಮಾನು

ಪರ್ತ್‌ಗೆ ಹೊರಟಾಗ ಅಳಿದುಳಿದ ಅಲಂಕಾರವನ್ನೆಲ್ಲ ಸೂಟ್‌ಕೇಸಿಗೆ ತುಂಬಿದೆ. ಹೊರರಾಜ್ಯದ ಬೀಜ, ಹಣ್ಣು, ಸಸ್ಯಗಳಿಗೆ ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಟ್ಟುನಿಟ್ಟಿನ ತಡೆ ಇದೆಯೆಂದು ಗೊತ್ತಿತ್ತು. ಆದರೆ ಒಣಗಿ ವರ್ಷವಾದದ್ದು ಅಲಂಕಾರವೇ ಹೊರತು ಸಸ್ಯವಲ್ಲ ಎಂದು ನನ್ನ ವಾದ. ವಿಮಾನ ನಿಲ್ದಾಣದ ಮೂಸುವ ನಾಯಿಗೆ ಈ ವಾದ ತಲುಪಿರಲಿಲ್ಲ. ಅದು ಸೀದಾ ಬಂದು ನನ್ನ ಸೂಟ್‌ಕೇಸಿನ ಪಕ್ಕ ಶಿಷ್ಟಾಚಾರದಿಂದ ಕುಳಿತಿತು.

ಅಧಿಕಾರಿ ತೆನೆ, ಬೀಜ, ತೊಗಟೆಗಳನ್ನು ಒಂದೊಂದಾಗಿ ಹೊರತೆಗೆದು ಕೇಳಿದರು: "ಇದೆಲ್ಲ ಏನಮ್ಮಾ?"

ಭಯದಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು. "ಶರತ್ಕಾಲ."

ಅವರು ಎಲ್ಲವನ್ನೂ ತೊಟ್ಟಿಗೆ ಹಾಕಿ, ಗಂಭೀರವಾಗಿ ಹೇಳಿದರು: "ಅದು ಇಲ್ಲೂ ಬರತ್ತೆ. ಹೊತ್ಕೊಂಡು ಬರಬೇಕಾಗಿಲ್ಲ."

ಮೊದಲ ಏಟು

ಪರ್ತ್‌ನಲ್ಲಿ ಗಂಡನಿಗೆ ಕಾಯಂ ಕೆಲಸವಾಯಿತು. ಪಿಯಾರಾ ವಾಟರ್ಸ್ ಎಂಬ ಬಡಾವಣೆಯಲ್ಲಿ ಮನೆ ಸಿಕ್ಕಿತು. ಮೂರನೆಯ ಶಾಲೆಯಲ್ಲಿ ಮಗಳಿಗೆ ಕೊನೆಗೂ ಒಬ್ಬ ಜೀವದ ಗೆಳತಿ ದೊರೆತಳು. "ಇನ್ನು ಶಾಲೆ ಬದಲಾಯಿಸಲ್ಲ" ಎಂದು ನಾನು ಅವಳಿಗೆ ಮಾತು ಕೊಟ್ಟೆ. ಕೊಟ್ಟ ಮೇಲೆ ಏಜೆಂಟರ ಫೋನು ಬಂತು. ಓನರ್‌ನ ಮಗ ಈ ಕಡೆ ವಾಸಕ್ಕೆ ಬರುವ ಯೋಚನೆಯಲ್ಲಿದ್ದಾನಂತೆ. ನಮ್ಮನ್ನು ಬಿಡಿಸುವುದೋ ಮುಂದುವರಿಸುವುದೋ ಎಂದು ಓನರ್ ಖುದ್ದಾಗಿ ಮನೆ ನೋಡಿ ತೀರ್ಮಾನಿಸುತ್ತಾರಂತೆ. ಇಲ್ಲಿ ಶಾಲೆಯ ವ್ಯಾಪ್ತಿಯೊಳಗೆ ಮನೆಯಿದ್ದರಷ್ಟೇ ಸೀಟು. ಈ ಮನೆ ಬಿಟ್ಟರೆ ಆ ಶಾಲೆಯ ವ್ಯಾಪ್ತಿಯಲ್ಲಿ ಬೇರೆ ಬಾಡಿಗೆ ಮನೆ ಖಾಲಿ ಇರಲಿಲ್ಲ. ನಾನು ಹುಡುಕಿ ನೋಡಿದ್ದೆ.

ಆ ವಾರವೆಲ್ಲ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ, ಅಡುಗೆಮನೆ ಸಿಂಗರಿಸಿದೆ. ಕಲ್ಲಿನ ಕಟ್ಟೆಯ ಮೇಲೆ ಗೋಣಿಬಟ್ಟೆ ಹಾಸಿ, ಹಿತ್ತಲಿನಲ್ಲಿ ಬಿದ್ದ ಬ್ಯಾಂಕ್ಸಿಯಾ ಮರದ ಒರಟು ಒಣ ಕಾಯಿಗಳನ್ನು ಜೋಡಿಸಿ, ನಡುವೆ ಮೂರು ಇಡೀ ಕುಂಬಳಕಾಯಿ ಇಟ್ಟೆ. ದೊಡ್ಡದು ಬೂದುನೀಲಿ ಬಣ್ಣದ್ದು, ಕಲ್ಲಿನಷ್ಟು ಗಟ್ಟಿ.

ಮೈಸೂರಿನಿಂದ ಬಂದಿದ್ದ ಅತ್ತೆಗೆ ಇದು ಹಿಡಿಸಲಿಲ್ಲ. "ತಿನ್ನೋ ಪದಾರ್ಥನ ಷೋಕೇಸಿಗೆ ಇಟ್ಟಂಗೆ ಇಟ್ಟಿದೀಯಲ್ಲೇ! ದೊಡ್ಡದರ ಬುಡ ಆಗಲೇ ಮೆತ್ತಗಾಗ್ತಿದೆ. ಇವತ್ತು ಹುಳಿ ಮಾಡ್ಬಿಡೋಣ."

"ಓನರ್ ಬಂದುಹೋಗಲಿ ಅತ್ತೆ. ಆಮೇಲೆ ನಾನೇ ಕೊಯ್ದುಕೊಡ್ತೀನಿ."

ಅತ್ತೆ ಬೆಚ್ಚಿಬಿದ್ದರು. "ಇಡೀ ಕುಂಬಳಕಾಯಿನ ಹೆಂಗಸರು ಕೊಯ್ತಾರೇನೆ? ಮೊದಲ ಏಟು ಗಂಡಸೇ ಹಾಕಬೇಕು."

ಆ ವಾರದಲ್ಲಿ ಮೂರನೆಯ ಸಲ ಯಾಕೆಂದು ಕೇಳಿದೆ. ಸೋಮವಾರ ಕೇಳಿದಾಗ ಕುಂಬಳಕಾಯಿ ಹಿರಿಯ ಮಗನಿಗೆ ಸಮ ಎಂದಿದ್ದರು. ಮಂಗಳವಾರ, ಅದರೊಳಗೆ ಹಿಂದೆ ಒಬ್ಬ ರಾಕ್ಷಸನಿದ್ದ ಎಂದರು. ಇವತ್ತು, "ನಮ್ಮತ್ತೆ ಹೇಳಿದ್ರು, ನಾನು ಕೇಳ್ದೆ, ನೀನೂ ಕೇಳು" ಎಂದರು. ಮೂರರಲ್ಲಿ ಇದೊಂದೇ ನನಗೆ ನಂಬಲರ್ಹವಾಗಿ ಕಂಡಿತು.

ಗಂಡ ಆಸ್ಪತ್ರೆಯಲ್ಲಿದ್ದರು. ಅಕ್ಕಪಕ್ಕದ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಅತ್ತೆ ದೊಡ್ಡ ಚಾಕು ಹಿಡಿದು ಬಾಗಿಲ ಕಡೆಗೇ ನೋಡುತ್ತ ಕುಳಿತರು. ಮಗಳು ಆಗಷ್ಟೇ ಶಾಲೆಯಿಂದ ಬಂದಿದ್ದಳು. ಆಗ ಓನರ್ ಬಂದರು. ಎಪ್ಪತ್ತರ ಆಸುಪಾಸಿನ, ಗರಿಗರಿ ಶರ್ಟಿನ, ನಗದ ಮನುಷ್ಯ. ಹಿಂದೆ ಏಜೆಂಟ್ ಹೆಂಗಸು.

ನಾನು "ವೆಲ್ಕಮ್" ಎನ್ನುವಷ್ಟರಲ್ಲಿ ಅತ್ತೆ ಎದ್ದು ಹೋಗಿ ಚಾಕುವನ್ನು ಅವರ ಮುಂದೆ ಹಿಡಿದರು. "ಬನ್ನಿ, ಬನ್ನಿ. ಸರಿಯಾದ ಹೊತ್ತಿಗೆ ಬಂದ್ರಿ. ಒಂದೇಟು ಹಾಕಿ!"

ಓನರ್ ಎರಡು ಹೆಜ್ಜೆ ಹಿಂದೆ ಸರಿದರು. ಏಜೆಂಟ್ ಅದಾಗಲೇ ಬಾಗಿಲಾಚೆ ಇದ್ದರು. ನನ್ನ ಇಂಗ್ಲಿಷ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಗಳು ನೆರವಿಗೆ ಬಂದು ಅನುವಾದಿಸಿದಳು: "ಅಜ್ಜಿ ಇದನ್ನ ಮುಟ್ಟೋ ಹಾಗಿಲ್ಲ. ಮೊದಲು ಒಬ್ಬ ಗಂಡಸು ಕೊಲ್ಲಬೇಕು. ನೀವೇ ಸಿಕ್ಕಿದ್ದು."

ಓನರ್ ಕುಂಬಳಕಾಯಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. "ನಾನೇ ಬೇಕಾ?"

"ನೀವಿಲ್ಲದೆ ಅಡುಗೆ ಆಗಲ್ಲ" ಎಂದು ಮಗಳು ಖಚಿತಪಡಿಸಿದಳು.

"ನಲವತ್ತು ವರ್ಷ ಸಂಸಾರ ಮಾಡಿದೀನಿ" ಎಂದರು ಓನರ್ ನಿಧಾನವಾಗಿ. "ಅಡುಗೆಮನೆಯಿಂದ ಆಚೆ ಹೋಗು ಅಂತ ಮಾತ್ರ ಹೇಳಿಸ್ಕೊಂಡಿದೀನಿ."

ತೋಳು ಮಡಿಸಿ ಒಂದೇಟು ಹಾಕಿದರು. ಚಾಕು ಕಾಯಿಯಲ್ಲಿ ಸಿಕ್ಕಿಕೊಂಡಿತು. ಎತ್ತಿದರೆ ಕಾಯಿಯೂ ಮೇಲೆದ್ದು ಬಂತು. ಅತ್ತೆ, "ಬಲ ಸಾಲದು" ಎಂದರು. ಇದನ್ನು ಅನುವಾದಿಸಬೇಡವೆಂದು ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಮಗಳು ಅನುವಾದಿಸಿಯಾಗಿತ್ತು. ಓನರ್ ಕೆಂಪಾಗಿ ಹೊರಗೆ ಹೋಗಿ ತಮ್ಮ ಗಾಡಿಯಿಂದ ಕೊಡಲಿ ತಂದರು.

"ಸರ್, ಕೆಳಗಡೆ ಇಟ್ಟು..." ಎಂದೆ. ನನ್ನ ಮಾತು ಮುಗಿಯಲಿಲ್ಲ. ಕುಂಬಳಕಾಯಿ ಎರಡು ಹೋಳಾಯಿತು. ಜೊತೆಗೆ ಕಲ್ಲಿನ ಕಟ್ಟೆಯ ಅಂಚಿನಿಂದ ಒಂದು ಚೂರು ಹಾರಿ ಸಿಂಕಿನಲ್ಲಿ ಟಣ್ ಎಂದಿತು.

ಏಜೆಂಟ್ ಅಭ್ಯಾಸಬಲದಿಂದ ಒಳಬಂದು ಫೋಟೊ ತೆಗೆದು, ಈ ಹಾನಿಯ ಲೆಕ್ಕ ಯಾರನ್ನು ಕೇಳುವುದೆಂದು ತಿಳಿಯದೆ ನಿಂತರು. ಓನರ್ ಕೊಡಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಬಾಡಿಗೆದಾರರು ತಲೆತಲಾಂತರದಿಂದ ಹೇಳುತ್ತ ಬಂದಿರುವ ಮಾತನ್ನು ಹೇಳಿದರು:

"ಅದು ಮೊದಲೇ ಇತ್ತು."

ಒಂದು ಗಂಟೆಯ ನಂತರ ಅವರು ನಮ್ಮ ಮೇಜಿನಲ್ಲಿ ಕುಳಿತು ಕುಂಬಳಕಾಯಿ ಹುಳಿಯನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಹೋಗುವಾಗ ಏಜೆಂಟರಿಗೆ, "ಇವರು ಇಲ್ಲೇ ಇರಲಿ. ಮಗನಿಗೆ ಬೇರೆ ಮನೆ ನೋಡೋಣ. ಅವನಿಗೆ ಕುಂಬಳಕಾಯಿನೂ ಇಷ್ಟ ಇಲ್ಲ" ಎಂದರು. ಮಗಳು ಗೆಳತಿಗೆ ಫೋನ್ ಮಾಡಲು ಮಹಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದಳು. ನಾನು ಬಹಳ ದಿನಗಳ ಮೇಲೆ ಕುರ್ಚಿಗೆ ಪೂರ್ತಿ ಬೆನ್ನು ಕೊಟ್ಟು ಕುಳಿತೆ.

ಸಂಜೆ ಗಂಡ ಬಂದರು. ಹೋಳಾದ ಕುಂಬಳಕಾಯಿ ನೋಡಿ ಅವರ ಮುಖ ಸಣ್ಣದಾಯಿತು. "ಏನಮ್ಮಾ ಇದು? ಮೊದಲ ಏಟು ಯಾವಾಗ್ಲೂ ನಾನೇ ಅಲ್ವಾ ಹಾಕೋದು? ನಾನು ಬರೋವರೆಗೂ ಕಾಯೋಕಾಗ್ಲಿಲ್ವಾ?"

ಅತ್ತೆ ತಟ್ಟೆಯನ್ನು ಮಗನ ಮುಂದೆ ತಳ್ಳಿದರು.

"ಮನೆ ಓನರೇ ಖುದ್ದಾಗಿ ಬಂದು ಹಾಕಿ ಹೋಗಿದಾರೆ. ನೀನು ಬಾಡಿಗೆಗಿರೋನು, ಸುಮ್ನೆ ಕೂತ್ಕೊಂಡು ತಿನ್ನು."