ದೊಡ್ಡಮನೆ ಪಡಸಾಲೆಯಲ್ಲಿ ಎರಡು ಕಾಲದ ಕಾದಂಬರಿ

ನಾಲ್ಕು ಹೆಂಗಸರು ಸೇರಿ ಒಂದು ಪುಸ್ತಕ ಓದಿದರೆ ಪುಸ್ತಕದಲ್ಲಿ ಇಲ್ಲದ್ದೂ ನಡೆದುಹೋಗುತ್ತದೆ. ನನ್ನ ಯಜಮಾನರು ಸೂಲಿಬೆಲೆಯಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲವೂ ಇದು ನಡೆಯುತ್ತಲೇ ಇತ್ತು. "ನಿಮ್ಮದು ಓದೋ ಕೂಟ ಅಲ್ಲ ಕಣೆ, ಪಂಚಾಯ್ತಿ" ಎಂದು ಅವರು ಹಂಗಿಸುತ್ತಿದ್ದರು. ಇರಬಹುದು. ಆದರೆ ಅವರ ಶಾಲೆಯ ಮಕ್ಕಳು ಇಡೀ ವರ್ಷ ಕೇಳದಷ್ಟು ಪ್ರಶ್ನೆಗಳನ್ನು ನನ್ನ ಹೆಂಗಸರು ಒಂದು ಮಧ್ಯಾಹ್ನಕ್ಕೆ ಕೇಳುತ್ತಿದ್ದರು.

ಆಗ ಯುದ್ಧದ ಕಾಲ. ಸೀಮೆಎಣ್ಣೆಗೂ ಸಕ್ಕರೆಗೂ ಪರದಾಟ. ಊಟದ ಕೆಲಸ ಮುಗಿಸಿ ನಾವು ಹಗಲು ಹೊತ್ತಿನಲ್ಲೇ ದೊಡ್ಡಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಓದುವವಳು ನಾನು. ಕೇಳುವವರು ದೊಡ್ಡಮನೆಯ ಯಜಮಾನಿ ಗೌಡಮ್ಮ, ಅವರ ಸೊಸೆ, ಶಾನುಭೋಗರ ಹೆಂಡತಿ, ಊರಿನ ಸೂಲಗಿತ್ತಿ.

ಗೌಡಮ್ಮನ ಒಬ್ಬನೇ ಮಗ ಸೈನ್ಯದ ಪಟಾಲಮ್ಮಿಗೆ ಸೇರಿ ಬರ್ಮಾ ಕಡೆ ಹೋಗಿದ್ದ. ಯುಗಾದಿಯಿಂದ ಈಚೆಗೆ ಅವನಿಂದ ಕಾಗದ ಬಂದಿರಲಿಲ್ಲ. ಅವನು ಹೋದಂದಿನಿಂದ ಅತ್ತೆ ಸೊಸೆಗೆ ಮಾತಿಲ್ಲ. ನೀನು ತಡೆಯಲಿಲ್ಲ ಎಂದು ಇವರಿಗೆ ಸಿಟ್ಟು, ನೀವೇ ಓಡಿಸಿದಿರಿ ಎಂದು ಅವಳಿಗೆ ಸಿಟ್ಟು. ರಾಗಿ ಕಣ ಮುಗಿದ ಮೇಲೆ ಬಂದು ತಂಗಿಯನ್ನು ಅನುಗೊಂಡನಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಸೊಸೆಯ ಅಣ್ಣ ಹೇಳಿಕಳಿಸಿದ್ದ. "ಅತ್ತೆ ಒಂದು ಮಾತು ಇರು ಅಂದ್ರೆ ಇರ್ತೀನಿ" ಎಂದು ಸೊಸೆ ನನ್ನ ಹತ್ತಿರ ಅಂದಳು. "ಹೋಗೋಳನ್ನ ಇರು ಅಂತ ನಾನ್ಯಾಕೆ ಅನ್ಲಿ?" ಎಂದು ಗೌಡಮ್ಮ ಅಂದರು. ಹಾಗೆ ಹೋದವಳು ತಿರುಗಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನನಗೆ ಇಬ್ಬರ ಮೇಲೂ ಕೋಪ ಬರುತ್ತಿತ್ತು, ಇಬ್ಬರನ್ನು ನೋಡಿದರೂ ಸಂಕಟವಾಗುತ್ತಿತ್ತು.

ಎಲೆ ಅಡಿಕೆಯ ಕಟ್ಟಳೆ

ಕಾದಂಬರಿಯನ್ನು ನನ್ನ ಅಣ್ಣ ಬೆಂಗಳೂರಿನಿಂದ ತಂದುಕೊಟ್ಟಿದ್ದ. ರಟ್ಟೂ ಮೊದಲಿನ ಹಾಳೆಗಳೂ ಕಿತ್ತುಹೋಗಿದ್ದವು. ಅದರ ಹೆಸರಾಗಲಿ, ಬರೆದವರು ಯಾರೆಂದಾಗಲಿ ನನಗೆ ಇವತ್ತಿಗೂ ಗೊತ್ತಿಲ್ಲ. ಕಥೆ ಎರಡು ಕಾಲದಲ್ಲಿ ನಡೆಯುತ್ತಿತ್ತು. ಒಂದು ಅಧ್ಯಾಯ ಪಾಳೇಗಾರರ ಕಾಲದ್ದು. ಆವತಿ ಕಡೆಯ ಕೋಟೆಯ ಕಾವಲುಗಾರನೊಬ್ಬ ಹೊಸ ಹೆಂಡತಿಯನ್ನು ತಾಯಿಯ ಹತ್ತಿರ ಬಿಟ್ಟು ದಂಡಿಗೆ ಹೋಗುತ್ತಾನೆ. ಮುಂದಿನ ಅಧ್ಯಾಯ ನಮ್ಮ ಕಾಲದ್ದು. ಅದೇ ವಂಶದ ಹುಡುಗಿಯೊಬ್ಬಳು ದೂರದ ಬೇರೊಂದು ಊರಲ್ಲಿದ್ದಾಳೆ. ಆ ಊರಲ್ಲಿ ಕೋಟೆಯ ಒಂದು ಕಲ್ಲೂ ಇಲ್ಲ, ಅವರ ಮನೆಗೆ ಮಾತ್ರ 'ಕೋಟೆಯೋರ ಮನೆ' ಎಂದು ಹೆಸರು. ಯಾಕೆ ಹೀಗೆ ಎಂದು ಅವಳು ಹುಡುಕುತ್ತಾಳೆ.

ಎರಡನೆಯ ಅಧ್ಯಾಯ ಶುರುವಾಗಿ ಹುಡುಗಿ ಬಸ್ಸು ಹತ್ತಿದ ತಕ್ಷಣ ಸೂಲಗಿತ್ತಿ ಕೈ ಎತ್ತಿದಳು. "ತಡೀರವ್ವ. ದಂಡು ಕುದುರೆ ಮೇಲೆ ಹೋಯ್ತು ಅಂದ್ರಿ. ಈ ಬಸ್ಸು ಎಲ್ಲಿಂದ ಬಂತು?"

ನಾನು ಅಂದಿನ ಕಾಲ, ಇಂದಿನ ಕಾಲ ಎಂದು ವಿವರಿಸಿ ವಿವರಿಸಿ ಬೆವತೆ. ಗೌಡಮ್ಮ ಒಂದೇ ಮಾತಿನಲ್ಲಿ ಮುಗಿಸಿದರು. "ಅದ್ರಲ್ಲೇನೈತೆ? ನಮ್ಮ ಶಾನುಭೋಗರಮ್ಮ ಬದನೆಕಾಯಿ ವಿಷಯ ತೆಗೆದು, ಅವರಜ್ಜಿ ಮದುವೆಗೆ ಹೋಗಿ, ಉಂಡು, ತಿರುಗಾ ಬದನೆಕಾಯಿಗೆ ಬರಲ್ವಾ? ಹಂಗೇ."

ಶಾನುಭೋಗರ ಹೆಂಡತಿ ಅವತ್ತು ಪೂರ್ತಿ ಮಾತಾಡಲಿಲ್ಲ. ಮಿಕ್ಕವರಿಗೆ ಅರ್ಥವಾಯಿತು.

ಆಮೇಲೆ ಗೌಡಮ್ಮ ಒಂದು ಕಟ್ಟಳೆ ಮಾಡಿದರು. ಹಳೇ ಕಾಲದ ಅಧ್ಯಾಯ ಪುರಾಣದ ಸಮ, ಅದನ್ನು ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಕೇಳಬಾರದು. ಈ ಕಾಲದ ಅಧ್ಯಾಯ ಊರಮಾತಿನ ಸಮ, ಅದಕ್ಕೆ ಅಡ್ಡಿಯಿಲ್ಲ. ಹುಡುಗಿ ಬಸ್ಸು ಹತ್ತಿದರೆ ತಟ್ಟೆ ಹೊರಗೆ ಬರುತ್ತಿತ್ತು, ಕೋಟೆ ಬಾಗಿಲು ತೆರೆದರೆ ಒಳಗೆ ಹೋಗುತ್ತಿತ್ತು. ಪಾಳೇಗಾರ ಸಭೆಯಲ್ಲಿ ಕೂತು ಉದ್ದಕ್ಕೆ ಭಾಷಣ ಮಾಡುತ್ತಿದ್ದ ಒಂದು ದಿನ ಸೂಲಗಿತ್ತಿ ತಡೆಯಲಾರದೆ ಕೇಳಿದಳು: "ಈ ದೊರೆ ಉಣ್ಣಾಕೆ ಏಳೋದೇ ಇಲ್ವಾ? ನನ್ನ ಬಾಯಿ ಒಣಗೋಯ್ತು."

ನಾನು ಹುಟ್ಟಿಸಿದ ಕರು

ಪುರಾಣವನ್ನು ಅಶುಭದಲ್ಲಿ ನಿಲ್ಲಿಸಬಾರದು. ಸಾವೋ ನೋವೋ ಬಂದರೆ ಒಂದು ಒಳ್ಳೆಯ ಮಾತು ಸಿಗುವವರೆಗೂ ಓದಿ ಆಮೇಲೆ ಪುಸ್ತಕ ಮುಚ್ಚಬೇಕು. ಈ ಕಾದಂಬರಿ ಬರೆದವನಿಗೆ ಆ ದಯೆ ಇರಲಿಲ್ಲ. ಪ್ರತಿ ಅಧ್ಯಾಯದ ಕೊನೆಗೂ ಏನಾದರೊಂದು ಅನಾಹುತ ಇಟ್ಟಿದ್ದ. ಒಂದು ದಿನ ಕೋಟೆಗೆ ಬೆಂಕಿ ಬಿತ್ತು. ಮುಂದೆ ಓದಿದರೆ ಈ ಕಾಲದ ಹುಡುಗಿಯ ತಂದೆಗೆ ಜ್ವರ. ಇನ್ನೂ ಮುಂದೆ ಓದಿದರೆ ಕಾವಲುಗಾರನ ತಾಯಿ ಬಾವಿಕಟ್ಟೆಯ ಮೇಲೆ ಜಾರಿಬಿದ್ದಳು. ಇತ್ತ ನಮ್ಮ ಯಜಮಾನರು ಶಾಲೆ ಮುಗಿಸಿ ಬರುವ ಹೊತ್ತಾಗಿತ್ತು, ಒಲೆಗೆ ಇನ್ನೂ ಕಡ್ಡಿ ಹಾಕಿರಲಿಲ್ಲ. ನಾನು ಪುಸ್ತಕದ ಮೇಲಿನ ಕಣ್ಣು ತೆಗೆಯದೆ, "ಅಷ್ಟರಲ್ಲಿ ಅವರ ಮನೆಯ ಹಸು ಕರು ಹಾಕಿತು" ಎಂದು ಓದಿ ಮುಚ್ಚಿಬಿಟ್ಟೆ. ಎಲ್ಲರೂ ಸಂತೋಷವಾಗಿ ಮನೆಗೆ ಹೋದರು.

ಮಾರನೆಯ ದಿನ ಕೂರುವುದಕ್ಕೆ ಮುಂಚೆಯೇ ಶುರುವಾಯಿತು. "ಹೆಣ್ಣುಗರುವಾ, ಹೋರಿಗರುವಾ?" ಎಂದರು ಗೌಡಮ್ಮ. ಹೆಣ್ಣು ಎಂದೆ. "ಗಿಣ್ಣು ಯಾರ್ಯಾರಿಗೆ ಕೊಟ್ಟರಂತೆ?" ಎಂದರು ಶಾನುಭೋಗರ ಹೆಂಡತಿ. ನೆರೆಯವರಿಗೆ ಎಂದೆ. ಅಲ್ಲಿಂದ ಮುಂದೆ ಪ್ರತಿ ಹಳೇ ಕಾಲದ ಅಧ್ಯಾಯದಲ್ಲೂ ನಾನು ಕರುವಿಗೆ ಒಂದು ಹಿಡಿ ಹುಲ್ಲಾದರೂ ಹಾಕಲೇಬೇಕಾಯಿತು. ಅಷ್ಟರಲ್ಲಿ ಬರೆದ ಮಹಾನುಭಾವ, ಶತ್ರುಗಳು ಊರಿನ ದನಗಳನ್ನೆಲ್ಲ ಹೊಡೆದುಕೊಂಡು ಹೋಗುವ ಹಾಗೆ ಮಾಡಿಬಿಟ್ಟ.

"ಕರು?" ಎಂದರು ನಾಲ್ವರೂ.

"ಅಡವಿಗೆ ಓಡಿ ತಪ್ಪಿಸಿಕೊಂಡಿತು."

"ಹಾಲು ಕುಡಿಯೋ ಕರು ಅಡವೀಲಿ ಎಂಗೆ ಬದುಕುತ್ತೆ?" ಎಂದು ಗೌಡಮ್ಮ ನನ್ನನ್ನೇ ದುರುಗುಟ್ಟಿ ನೋಡಿದರು.

ಆವತ್ತು ಸಂಜೆ ನಾನು ತಲೆಯ ಮೇಲೆ ಕೈ ಹೊತ್ತು ಕೂತದ್ದನ್ನು ನೋಡಿ ಯಜಮಾನರು ಏನಾಯಿತೆಂದು ಕೇಳಿದರು. "ಒಂದು ಕರು ಸಾಕೋದು ಎಷ್ಟು ಕಷ್ಟ ಅಂತ ನಿಮಗೇನು ಗೊತ್ತು" ಎಂದೆ. ಅವರು ಎದ್ದು ಹಿತ್ತಲಿಗೆ ಹೋಗಿ ನೋಡಿಕೊಂಡು ಬಂದರು. "ನಮ್ಮ ಮನೇಲಿ ಹಸುವೇ ಇಲ್ಲವಲ್ಲೇ?" ಎಂದರು.

ಕಂಬದ ಜೊತೆ ಮಾತು

ದೊಡ್ಡಮನೆಯಲ್ಲಿ ಅತ್ತೆ ಏನು ಹೇಳಬೇಕಾದರೂ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು, ಸೊಸೆ ಕೈಲಿದ್ದ ಮೊರಕ್ಕೆ ಹೇಳುತ್ತಿದ್ದಳು. ಕಾದಂಬರಿ ಬಂದ ಮೇಲೆ ಇಬ್ಬರಿಗೂ ಅನುಕೂಲವಾಯಿತು.

ನನ್ನ ಮಗನನ್ನು ನೀನು ತಡೆಯಲಿಲ್ಲ ಎಂದು ಕಾವಲುಗಾರನ ತಾಯಿ ಸೊಸೆಯನ್ನು ಬೈಯುವ ಭಾಗ ಬಂತು. ಗೌಡಮ್ಮ ಕಂಬದ ಕಡೆ ತಿರುಗಿದರು. "ಸರ್ಯಾಗೇ ಅಂದ್ಲು. ಹೆಂಡ್ತಿ ಅನ್ನೋಳು ಕೈ ಹಿಡಿದು ನಿಲ್ಲಿಸ್ಬೇಕಿತ್ತು."

ಸೊಸೆ ರಾಗಿ ಕೇರುತ್ತಲೇ ಮೊರಕ್ಕೆ ಹೇಳಿದಳು: "ದುಡೀದೆ ಕೂತ್ಕೊಂಡು ತಿಂತೀಯ ಅಂತ ಹೆತ್ತ ತಾಯೀನೇ ಅಂದ್ರೆ ಯಾವ ಗಂಡಸು ನಿಲ್ತಾನೆ?"

ಶಾನುಭೋಗರ ಹೆಂಡತಿ ಪಾಪ, ಕಥೆಯ ಬಗ್ಗೆಯೇ ಮಾತೆಂದು ತಿಳಿದು, "ತಾಯಿ ಹಾಗೆ ಅನ್ನಲೇ ಇಲ್ವಲ್ಲ?" ಎಂದರು. ನಾನು ಹಿಂದಿನ ಹಾಳೆ ತಿರುವಿ ನೋಡಿದೆ. ಪುಸ್ತಕದಲ್ಲಿ ಅಂಥ ಮಾತು ಇರಲಿಲ್ಲ. ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಗೌಡಮ್ಮ ಕಂಬಕ್ಕೆ ಮೆಲ್ಲಗೆ ಹೇಳಿದರು: "ಅಂದಿರ್ತಾಳೆ. ಸಿಟ್ಟಲ್ಲಿ ಅಂದಿರ್ತಾಳೆ. ಪುಸ್ತಕದಲ್ಲಿ ಬಿಟ್ಟೋಗೈತೆ."

ಸೊಸೆಯ ಕೈ ನಿಂತಿತು. "ಹೆಂಡ್ತೀನೂ ಕೈ ಹಿಡಿದು ಅತ್ತಿರ್ತಾಳೆ" ಎಂದಳು. "ಅದೂ ಬಿಟ್ಟೋಗಿರುತ್ತೆ."

ನನ್ನ ಕಣ್ಣು ತುಂಬಿ ಅಕ್ಷರ ಕಾಣದಾಯಿತು. ಸೂಲಗಿತ್ತಿ ಒಬ್ಬಳೇ ನಿಟ್ಟುಸಿರು ಬಿಟ್ಟು ಅಂದಳು: "ಇಷ್ಟೆಲ್ಲ ಬಿಟ್ಟು ಬರೆಯೋನು ಬರೆಯಾಕೆ ಯಾಕೆ ಕೂತ್ನೋ."

ನಕ್ಷತ್ರ

ಕಥೆಯ ಕಾವಲುಗಾರನಿಂದ ಸುದ್ದಿ ನಿಂತುಹೋಯಿತು. ಅವನು ಸತ್ತಿದ್ದಾನೆ ಎಂದರು ಶಾನುಭೋಗರ ಹೆಂಡತಿ. ಗೌಡಮ್ಮನ ಮುಖವೂ ಸೊಸೆಯ ಮುಖವೂ ಒಂದೇ ಸಲ ಬಿಳಿಚಿಕೊಂಡವು. ಆಗ ನಮಗೆಲ್ಲ ತಿಳಿಯಿತು, ಈ ಇಬ್ಬರೂ ಕೇಳುತ್ತಿರುವುದು ಆವತಿ ಕಡೆಯವನ ಕಥೆಯಲ್ಲ ಎಂದು.

ಸೂಲಗಿತ್ತಿ ಅಧ್ಯಾಯ ಮುಗಿದ ಮೇಲೆ ಬಾಯಿಗೆ ಹಾಕಿಕೊಂಡಿದ್ದ ಎಲೆಯನ್ನು ಉಗಿದು ಬಂದು ಕೂತಳು. "ಅವನು ದಂಡಿಗೆ ಹೋದಾಗ ಹೆಂಡ್ತಿ ಬಸುರಿನಾ?"

"ಇಲ್ಲ" ಎಂದೆ.

"ಬಸ್ಸು ಹತ್ತೋ ಹುಡುಗಿ ಅವರಿಬ್ಬರ ವಂಶದೋಳೇ ತಾನೆ?"

"ಹೌದು."

"ಅಂದ್ಮೇಲೆ ಬಂದೇ ಬತ್ತಾನೆ. ಬರ್ದೆ ಇದ್ರೆ ಈ ಹುಡುಗಿ ಎಲ್ಲಿಂದ ಬಂದ್ಲು?"

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಅದೇ ಸಂಜೆ ಗೌಡಮ್ಮ ನಮ್ಮನ್ನೆಲ್ಲ ಕರೆದುಕೊಂಡು ದೇವಸ್ಥಾನಕ್ಕೆ ಹೋಗಿ ಕಾವಲುಗಾರನ ಹೆಸರಿಗೆ ಅರ್ಚನೆ ಮಾಡಿಸಿದರು. ಅರ್ಚಕರು ನಕ್ಷತ್ರ ಕೇಳಿದರು. ಗೌಡಮ್ಮ ನನ್ನ ಮುಖ ನೋಡಿದರು. ಪುಸ್ತಕದಲ್ಲಿ ಅದನ್ನು ಬರೆದಿರಲಿಲ್ಲ. ಆಮೇಲೆ ಅವರು ತಲೆ ತಗ್ಗಿಸಿ, "ಮಖಾ" ಎಂದರು. ನನ್ನ ಹಿಂದೆ ನಿಂತಿದ್ದ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಮ್ಮೋರದ್ದು" ಎಂದಳು.

ಅರ್ಚಕರು ಪ್ರಸಾದ ಕೊಡುತ್ತಾ, ಅವರು ಊರಿಗೆ ಯಾವಾಗ ಬರುತ್ತಾರೆ ಎಂದು ವಿಚಾರಿಸಿದರು.

"ಇನ್ನೂ ನಾಕೈದು ಅಧ್ಯಾಯ ಐತೆ ಸ್ವಾಮಿ" ಎಂದರು ಗೌಡಮ್ಮ.

ಗಾಡಿ ಬಂದ ದಿನ

ಕಣ ಮುಗಿಯಿತು. ಕಡೆಯ ಅಧ್ಯಾಯ ಓದುವ ದಿನವೇ ಅನುಗೊಂಡನಹಳ್ಳಿಯಿಂದ ಗಾಡಿ ಬಂತು. ಸೊಸೆಯ ಪೆಟ್ಟಿಗೆ ಬಾಗಿಲ ಹತ್ತಿರ ಸಿದ್ಧವಾಗಿತ್ತು. ಅಧ್ಯಾಯ ಮುಗಿದ ಮೇಲೆ ಹೊರಡಲಿ ಎಂದು ಗೌಡಮ್ಮ ಕಂಬಕ್ಕೆ ಹೇಳಿದರು. ಸೊಸೆಯ ಅಣ್ಣ ಎತ್ತು ಬಿಚ್ಚದೆ ಜಗಲಿಯ ಮೇಲೆ ಕೂತ.

ಆ ಅಧ್ಯಾಯದಲ್ಲಿ ಬರೆದವನು ಎರಡು ಕಾಲವನ್ನೂ ಕೂಡಿಸಿದ್ದ. ಕಾವಲುಗಾರನ ತಾಯಿ ಬಿಗುಮಾನದಿಂದ ಇರು ಎನ್ನುವುದಿಲ್ಲ, ಸೊಸೆ ಗಾಡಿ ಹತ್ತಿ ತವರಿಗೆ ಹೋಗುತ್ತಾಳೆ. ಎಷ್ಟೋ ಕಾಲದ ಮೇಲೆ ಅವನು ಬದುಕಿ ಬರುತ್ತಾನೆ. ಅವಳೆಲ್ಲಿ ಎಂದು ಕೇಳುತ್ತಾನೆ. ಹೋದಳು ಎನ್ನುತ್ತಾಳೆ ತಾಯಿ. ಅವನು ಒಂದು ತಂಬಿಗೆ ನೀರು ಕುಡಿದು, ಬಂದ ಕಾಲಲ್ಲೇ ಹೆಂಡತಿಯ ಊರಿಗೆ ಹೋಗಿ ಅಲ್ಲೇ ನಿಂತುಬಿಡುತ್ತಾನೆ. ಕೋಟೆಯಿಂದ ಬಂದವನು ಅಂತ ಆ ಊರಿನವರು ಅವನ ಮನೆಯನ್ನು ಕೋಟೆಯೋರ ಮನೆ ಎಂದರು. ಹುಡುಗಿ ಹುಡುಕುತ್ತಿದ್ದದ್ದು ಇದನ್ನೇ.

"ನಾನು ಹೇಳ್ಳಿಲ್ವಾ, ಬತ್ತಾನೆ ಅಂತ" ಎಂದು ಸೂಲಗಿತ್ತಿ ಬೀಗಿದಳು. ಶಾನುಭೋಗರ ಹೆಂಡತಿ ಕಣ್ಣೊರೆಸಿಕೊಂಡರು. ಗೌಡಮ್ಮ ಮಾತ್ರ ಪುಸ್ತಕದ ಕಡೆ ಬಾಗಿದರು.

"ಇನ್ನೊಂದು ಸಲ ಓದಮ್ಮ" ಎಂದರು. ಓದಿದೆ.

"ಹೆಂಡ್ತಿ ತವರಲ್ಲೇ ನಿಂತ್ನಾ? ಮನೆಅಳಿಯ ಆದ್ನಾ?"

"ಆದ."

"ಇದ್ದೋನು ಒಬ್ಬನೇ ಮಗ?"

"ಒಬ್ಬನೇ."

ಗೌಡರ ಮನೆಯ ಮಗ ಹೋಗಿ ಮನೆಅಳಿಯನಾಗುವುದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಇಲ್ಲ. ಗೌಡಮ್ಮ ಎದ್ದರು. ನೇರ ಜಗಲಿಗೆ ಹೋದರು.

"ಎತ್ತು ಬಿಚ್ಚಪ್ಪ."

"ಹೊತ್ತಾಗುತ್ತೆ ಅತ್ತೆಮ್ಮ, ದೂರ ಹೋಗ್ಬೇಕು" ಎಂದ ಅವನು.

"ಬಿಚ್ಚು ಅಂದೆ. ನನ್ನ ಮಗ ಬಂದು ನಿಮ್ಮೂರಲ್ಲಿ ಮನೆಅಳಿಯ ಆಗೋದು ನಂಗೆ ಬ್ಯಾಡ."

ಅವನಿಗೆ ದಿಕ್ಕು ತೋಚಲಿಲ್ಲ. "ಯಾರು ಹಂಗಂದ್ರು?"

"ಪುಸ್ತಕದಲ್ಲಿ ಬರ್ದೈತೆ. ಮೇಷ್ಟ್ರಮ್ಮ ಎರಡು ಸಲ ಓದವ್ರೆ."

ಅವನು ನನ್ನನ್ನು ನೋಡಿದ ನೋಟಕ್ಕೆ ನಾನು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಗೌಡಮ್ಮ ಬಾಗಿಲಿಗೆ ಬಂದು, ಎಷ್ಟೋ ತಿಂಗಳ ಮೇಲೆ ಸೊಸೆಯ ಮುಖವನ್ನೇ ನೋಡಿ, "ಇರು" ಎಂದರು.

"ಯಾರಿಗೆ ಹೇಳ್ತಿದ್ದೀರ ಅತ್ತೆ?"

"ನಿಂಗೇ ಕಣೆ. ಇರು."

ಸೊಸೆ ಅಳುತ್ತಲೇ ಪೆಟ್ಟಿಗೆಯನ್ನು ಒಳಗೆ ಎಳೆದುಕೊಂಡು ಹೋದಳು. ಅವಳ ಅಣ್ಣ ಊಟ ಮಾಡಿ ಬರಿಗಾಡಿ ಹೊಡೆದುಕೊಂಡು ಹೋದ. ಅಂಥ ಸಂತೋಷವನ್ನು ನಾನು ಆಮೇಲೆ ಯಾವ ಪುಸ್ತಕ ಓದಿದಾಗಲೂ ಪಡಲಿಲ್ಲ.

ಯುದ್ಧ ಮುಗಿದ ಮೇಲೆ ಮಗ ಬಂದ. ಬಡಕಲಾಗಿದ್ದ, ಚಳಿಜ್ವರ ಹಿಡಿದಿತ್ತು, ಆದರೆ ಬಂದ. ಅನುಗೊಂಡನಹಳ್ಳಿಯ ಅದೇ ಗಾಡಿಯಲ್ಲಿ, ಭಾವಮೈದುನನ ಜೊತೆ ಬಂದ. ಗೌಡಮ್ಮ ಅವನನ್ನು ತಬ್ಬಿಕೊಂಡು ಅತ್ತು, ಮುಖ ಸವರಿ, ಆಮೇಲೆ ಗಾಡಿ ನೋಡಿದರು.

"ಹೊಸಕೋಟೇಲಿ ಬಸ್ಸು ಇಳಿದು ನೆಟ್ಟಗೆ ಮನೆಗೆ ಬರೋದು ಬಿಟ್ಟು ಅಲ್ಲಿಗ್ಯಾಕ್ಲಾ ಹೋದೆ?"

"ನೀನು ಅವಳನ್ನ ಕಳಿಸಿಬಿಟ್ಟಿರ್ತೀಯ ಅಂದ್ಕೊಂಡೆ ಕಣವ್ವ" ಎಂದ ಮಗ. "ಅಲ್ಲೇ ಇದ್ದುಬಿಡಾನ ಅಂತ ಹೋದೆ."

ಗೌಡಮ್ಮ ನನ್ನ ಕಡೆ ತಿರುಗಿದರು. "ನೋಡ್ದಾ ಮೇಷ್ಟ್ರಮ್ಮ? ನೀನು ಅವತ್ತು ಓದ್ದೆ ಇದ್ದಿದ್ರೆ ನನ್ನ ಮಗ ಅನುಗೊಂಡನಹಳ್ಳೀಲಿ ಅವರ ಎಮ್ಮೆ ಮೇಯಿಸ್ಕೊಂಡಿರ್ತಿದ್ದ."

ಒಳಗಿನಿಂದ ಸೊಸೆ ಅಂದಳು: "ನಮ್ಮಪ್ಪನ ಮನೆ ಎಮ್ಮೆ ಬಲು ಸಾಧು ಅತ್ತೆ, ನಿಮ್ಮಂಗಲ್ಲ."