ಕರಿದ ಎಣ್ಣೆಯ ವ್ಯಾನು

ಡೀಸೆಲ್ ಹೊತ್ತ ಹಡಗು ಎಲ್ಲೋ ನಡುಗಡಲಲ್ಲಿ ನಿಂತುಬಿಟ್ಟಿತು. ಅದಕ್ಕೂ ಶಾಲೆಯ ವ್ಯಾನು ಓಡಿಸುವ ವ್ಯಾನಣ್ಣನಿಗೂ ಏನು ಸಂಬಂಧ ಎನ್ನಬೇಡಿ. ಬಂಕಿನವನು ಬರಿದಾದ ಪಂಪಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಇತ್ತ ಶಾಲೆಯ ದೊಡ್ಡ ಮೇಡಂ ಹಿಂದಿನ ಸಂಜೆಯೇ ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಂದು ಸಲ ತಡವಾದರೆ ಬೇರೆ ವ್ಯಾನು ಗೊತ್ತುಮಾಡುತ್ತೇನೆ. ಈ ಕೆಲಸ ಹೋದರೆ ವ್ಯಾನಣ್ಣನ ಮನೆಯ ಒಲೆಯೂ ಆರಿದಂತೆ.

ದಾರಿ ತೋರಿಸಿದವನು ಹೆಂಡತಿಯ ತಮ್ಮ. ಅವನು ಓದಿದ್ದು ರಸಾಯನಶಾಸ್ತ್ರ, ಮಾಡುತ್ತಿದ್ದುದು ಅಕ್ಕನ ಮನೆಯಲ್ಲಿ ಊಟ. ಮೂಲೆಯಂಗಡಿಯ ಬಾಣಲೆಯಣ್ಣ ಆಲೂಗಡ್ಡೆ ಕರಿದು ಬಿಟ್ಟ ಹಳೇ ಎಣ್ಣೆಯನ್ನು ತಂದು, ಬಚ್ಚಲಲ್ಲಿ ಕಾಸಿ, ಸೋಸಿ, ಏನೇನೋ ಬೆರೆಸಿ ಇಂಧನ ಮಾಡಿದ್ದ. ಅಷ್ಟೂ ದಿನ ಮನೆಮಂದಿಗೆ ಸ್ನಾನವಿರಲಿಲ್ಲ.

"ಭಾವ, ಇದು ಗಿಡದಲ್ಲಿ ಬೆಳೆದ ಎಣ್ಣೆ. ಇನ್ಮೇಲೆ ಯಾವ ಹಡಗಿನ ಹಂಗೂ ನಮಗಿಲ್ಲ," ಎಂದು ಟ್ಯಾಂಕಿಗೆ ಸುರಿದ.

"ಎಂಜಿನ್ ಕೆಟ್ರೆ ನಿನ್ನನ್ನೇ ಬಾಣಲೆಗೆ ಹಾಕ್ತೀನಿ," ಎಂದು ವ್ಯಾನಣ್ಣ ಕೀಲಿ ತಿರುಗಿಸಿದ.

ರಜೆ ಎಂದು ಕೇಳಿದ ಮಗುವಿನಂತೆ ವ್ಯಾನು ಒಂದೇ ಸಲಕ್ಕೆ ಎದ್ದಿತು. ತೊಂದರೆ ಹಿಂದಿನಿಂದ ಬಂತು. ಹೊಗೆಕೊಳವೆಯಿಂದ ಆಗತಾನೇ ಕರಿದ ಆಲೂಗಡ್ಡೆಯ ಘಮ ಹೊರಟು ಬೀದಿಯ ಕಿಟಕಿಗಳನ್ನೆಲ್ಲ ತೆರೆಸಿತು. ವ್ಯಾನು ಹತ್ತಿದ ಮಕ್ಕಳು ಎರಡನೇ ತಿರುವು ದಾಟುವಷ್ಟರಲ್ಲಿ ಮಧ್ಯಾಹ್ನದ ಡಬ್ಬಿಗಳನ್ನು ನೆಕ್ಕಿ ಮುಗಿಸಿದ್ದರು. ಒಂದನೇ ಕ್ಲಾಸಿನ ಪುಟ್ಟಿ ಅಷ್ಟಕ್ಕೂ ತೃಪ್ತಳಾಗದೆ ಅಳತೊಡಗಿದಾಗ ವ್ಯಾನಣ್ಣ ತನ್ನ ಡಬ್ಬಿಯನ್ನೇ ಅವಳ ಕೈಗಿಟ್ಟ.

ಮುಂದಿನ ಬೀದಿಯಲ್ಲಿ ಮೂಗತ್ತೆ ಅಡ್ಡ ನಿಂತರು. ಯಾರ ಮನೆಯಲ್ಲಿ ಹಾಲು ಸೀದರೂ ಯಜಮಾನಿಗಿಂತ ಮೊದಲು ಇವರಿಗೆ ಗೊತ್ತಾಗುತ್ತಿದ್ದುದರಿಂದ ಆ ಹೆಸರು.

"ಮಕ್ಕಳ ಮುಂದೆ ಒಬ್ನೇ ಕೂತು ತಿಂತಿದ್ದೀಯಲ್ಲ, ಗಂಟಲಲ್ಲಿ ಹೇಗೆ ಇಳಿಯುತ್ತೆ ನಿಂಗೆ?"

ವ್ಯಾನಣ್ಣ ಬಾಯಿ ಅಗಲಿಸಿ ತೋರಿಸಿದ. ಅವರು ಹಲ್ಲಿನ ಸಂದಿಯವರೆಗೂ ಇಣುಕಿದರು, ಸೀಟಿನಡಿ ತಡಕಾಡಿದರು, ಕೊನೆಗೆ ಕಾವಲಿಗೆಂದು ಪಕ್ಕದಲ್ಲೇ ಕೂತರು. ವೃತ್ತದಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದ. ಲೈಸೆನ್ಸ್ ಕೇಳುತ್ತಾನೆಂದು ವ್ಯಾನಣ್ಣ ಜೇಬಿಗೆ ಕೈಹಾಕಿದರೆ, ಅವನು ಕೇಳಿದ್ದು ಒಂದು ಪ್ಲೇಟು, ಖಾರ ಕಮ್ಮಿ. ಇಲ್ಲ ಎಂದದ್ದಕ್ಕೆ ಮುಖ ಊದಿಸಿಕೊಂಡ.

ಆದರೂ ಗಂಟೆ ಬಾರಿಸುವ ಮೊದಲೇ ವ್ಯಾನು ಶಾಲೆ ಮುಟ್ಟಿತು. ದೊಡ್ಡ ಮೇಡಂ ಹೊಗೆಯನ್ನು ಒಮ್ಮೆ ಮೂಸಿ, ವಿಷಯ ಕೇಳಿ, ಮಕ್ಕಳೆದುರು ಅವನನ್ನು ಭಾಷಣಕ್ಕೇ ನಿಲ್ಲಿಸಿದರು. ಹಡಗಿನ ಹಂಗಿಲ್ಲವೆಂಬ ಭಾಮೈದನ ಮಾತನ್ನು ಅವನು ಮೀಸೆ ತಿರುವುತ್ತಾ ಒಪ್ಪಿಸಿದ. ಚಪ್ಪಾಳೆಯಿಂದ ಹೊಟ್ಟೆ ತುಂಬುವುದಿಲ್ಲವೆಂಬುದು ಆಮೇಲೆ ತಿಳಿಯಿತು.

ಟ್ಯಾಂಕು ಬರಿದಾಗಿತ್ತು. ಸಂಜೆ ಮಕ್ಕಳನ್ನು ಮನೆ ಮುಟ್ಟಿಸಬೇಕಲ್ಲ, ಕ್ಯಾನು ಹಿಡಿದು ಮೂಲೆಯಂಗಡಿಗೆ ನಡೆದ. ಬಾಣಲೆಯಣ್ಣ ಬಾಣಲೆ ಬೋರಲು ಹಾಕಿ ಬೆವರು ಒರೆಸಿಕೊಳ್ಳುತ್ತಿದ್ದ.

"ಹಳೇ ಎಣ್ಣೆ ಎಲ್ಲಿಂದ ತರ್ಲಿ ಮಾರಾಯ? ಬೆಳಿಗ್ಗೆ ಯಾವನೋ ಊರ ತುಂಬಾ ವಾಸನೆ ಬಿಟ್ಕೊಂಡು ಹೋದ. ಜನ ಮುಗಿಬಿದ್ರು. ಬಾಣಲೆ ಒಣಗೋವರೆಗೂ ಕರಿದಿದ್ದೀನಿ. ಎಣ್ಣೆಯೆಲ್ಲ ಅವರ ಹೊಟ್ಟೇಲಿದೆ."

"ಹೊಸ ಡಬ್ಬ ಒಡೆದು ಕರೀರಿ ಮತ್ತೆ."

"ಅದೂ ಹೊರದೇಶದ್ದೇ ಕಣಯ್ಯ. ಅದರ ಹಡಗೂ ನಿನ್ನ ಡೀಸೆಲ್ ಹಡಗಿನ ಹಿಂದೇನೇ ನಿಂತಿದೆಯಂತೆ."

ಕೊನೆಯ ಪ್ಲೇಟನ್ನು ನೆಕ್ಕುತ್ತಿದ್ದವನು ತಲೆಯೆತ್ತಿದ. ಭಾಮೈದ.

ಶಾಲೆ ಬಿಟ್ಟಾಗ ವ್ಯಾನು ಹಟ ಹಿಡಿದ ಎಮ್ಮೆಯಂತೆ ನಿಂತಿತ್ತು. ಮಕ್ಕಳು ಬರಲಿಲ್ಲವೆಂದು ತಾಯಂದಿರು ಬಂದರು, ಮೂಗತ್ತೆ ಬಂದರು, ಪೊಲೀಸಪ್ಪನೂ ಬಂದ. ಎಲ್ಲರ ತುಟಿಯೂ ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. ದೊಡ್ಡ ಮೇಡಂ ಮಾತ್ರ ಕರವಸ್ತ್ರದಿಂದ ಒರೆಸಿಕೊಂಡಿದ್ದರು.

"ನಿಂತು ನೋಡೋದೇನು, ತಳ್ಳಿ," ಎಂದರು ಮೇಡಂ. ಎಲ್ಲರೂ ಕೈ ಹಚ್ಚಿದರು. ವ್ಯಾನು ಹೊರಟೇಬಿಟ್ಟಿತು.

ಸ್ಟೇರಿಂಗ್ ಹಿಡಿದು ಕೂತ ಭಾಮೈದ ಕಿಟಕಿಯಿಂದ ತಲೆ ಹೊರಹಾಕಿದ. "ನೋಡಿದ್ರಾ ಭಾವ, ಎಣ್ಣೆ ಅದೇ. ಎಂಜಿನ್ ಬೇರೆ ಅಷ್ಟೇ."

ವ್ಯಾನಣ್ಣ ಹಿಂದಿನಿಂದ ಹೆಗಲು ಕೊಟ್ಟು ತಳ್ಳುತ್ತಿದ್ದ. ಊರಿಗೆಲ್ಲ ಹಸಿವು ಹಚ್ಚಿದವನ ಬಾಯಿಗೆ ಬೆಳಗಿನಿಂದ ಒಂದು ಚೂರು ಆಲೂಗಡ್ಡೆಯೂ ಬಿದ್ದಿರಲಿಲ್ಲ. ತಳ್ಳುವವರ ಸಾಲಿನಲ್ಲಿ ಇಂಧನವಿಲ್ಲದ ಎಂಜಿನ್ನು ಅವನೊಬ್ಬನೇ.

ಪಕ್ಕದಲ್ಲಿ ತಳ್ಳುತ್ತಿದ್ದ ಮೇಡಂ ತೇಗಿ ಹೇಳಿದರು:

"ಬೇರೆ ವ್ಯಾನು ನೋಡೋಣ ಅಂದ್ರೆ ಯಾವುದಕ್ಕೂ ಡೀಸೆಲ್ ಇಲ್ಲ. ನಾಳೆನೂ ನೀವೇ ಬನ್ನಿ. ಬೆಳಿಗ್ಗೆ ತಳ್ಳೋಕೆ ಯಾರೂ ಸಿಗಲ್ಲ, ಒಬ್ರೇ ತಳ್ಳಬೇಕು, ಸ್ವಲ್ಪ ಬೇಗ ಹೊರಡಿ. ತಡ ಆದ್ರೆ ಮಾತ್ರ ನಾನು ಸುಮ್ನಿರಲ್ಲ."